ಮ್ಯಾಂಕ್ಸ್ ಜನಪದ ಸಂಗೀತ: ಮಟ್ಟು ಮತ್ತು ಮಾತಿನ ಅಗಲಿಕೆ

ಐರಿಷ್ ಸಮುದ್ರದ ನಡುವಣ ಮ್ಯಾನ್ ದ್ವೀಪದ ಜನಪದ ಸಂಗೀತವನ್ನು ಕುರಿತ ಚರ್ಚೆ 1896ನ್ನು ಬಿಟ್ಟು ನಡೆಯಲಾರದು. ಡಬ್ಲ್ಯು. ಎಚ್. ಗಿಲ್ ಅವರ 'ಮ್ಯಾಂಕ್ಸ್ ನ್ಯಾಷನಲ್ ಸಾಂಗ್ಸ್' ಹಾಗೂ ಎ. ಡಬ್ಲ್ಯು. ಮೂರ್ ಅವರ 'ಮ್ಯಾಂಕ್ಸ್ ಬ್ಯಾಲಡ್ಸ್ ಅಂಡ್ ಮ್ಯೂಸಿಕ್' ಎರಡೂ ಪ್ರಕಟವಾದುದು ಆ ವರ್ಷವೇ. ದ್ವೀಪದ ಗೇಲಿಕ್ ನುಡಿ ಆ ವೇಳೆಗೆ ಕ್ಷೀಣಿಸಿತ್ತು. 1901ರ ಜನಗಣತಿ ಅದನ್ನು ಬಲ್ಲವರ ಸಂಖ್ಯೆಯನ್ನು 4,419 ಎಂದು ದಾಖಲಿಸಿತು. ಹಾಡುವವರು ಮರೆಯಾಗುವ ಮುನ್ನ ಹಾಡನ್ನು ಉಳಿಸಿಕೊಳ್ಳುವ ಆತುರ ಸಹಜವೇ. ಆದರೆ ಆ ಆತುರದಲ್ಲಿ ಹಾಡಿನ ಯಾವ ಅಂಗ ಉಳಿಯಿತು ಎಂಬ ಪ್ರಶ್ನೆ ವಿಮರ್ಶೆಗೆ ಬಿಟ್ಟದ್ದು.

ಸಂಗ್ರಹಕಾರರಲ್ಲಿ ಪ್ರಮುಖರಾದ ಡಾ. ಜಾನ್ ಕ್ಲೇಗ್ (1842–1908) ವೃತ್ತಿಯಿಂದ ವೈದ್ಯರು, ಗೇಲಿಕ್ ಬಲ್ಲವರು. ಬ್ರಾಡಾದ ಅಂಧ ಮೀನುಗಾರ ಥಾಮಸ್ ಕರ್ಮೋಡ್ ಮೊದಲಾದ ಗಾಯಕರಿಂದ ಅವರು ಕೇಳಿ ಬರೆದುಕೊಂಡ ಪುಸ್ತಕಗಳಲ್ಲಿ ಮಟ್ಟುಗಳು ಹೇರಳವಾಗಿವೆ. ಸಾಹಿತ್ಯ ಮಾತ್ರ ಅತಿ ವಿರಳ. ಇದಕ್ಕೆ ತದ್ವಿರುದ್ಧವಾದದ್ದು 'ಕಾರ್ವಲ್' ಎಂಬ ಭಕ್ತಿಗೀತೆಗಳ ಸ್ಥಿತಿ. ಕ್ರಿಸ್‌ಮಸ್ ಹಿಂದಿನ ರಾತ್ರಿ 'ಓಯಲ್ ವೆರ್ರಿ' ಆಚರಣೆಯಲ್ಲಿ, ಪಾದ್ರಿಯ ಪೂಜೆ ಮುಗಿದ ಮೇಲೆ, ಊರಿನವರೇ ಚರ್ಚಿನಲ್ಲಿ ಮೇಣದಬತ್ತಿ ಹಿಡಿದು ಹಾಡುತ್ತಿದ್ದ ಈ ದೀರ್ಘ ಗೀತೆಗಳು ಮನೆಮನೆಯ ಹಸ್ತಪ್ರತಿಗಳಲ್ಲಿ ಉಳಿದವು. ಅವುಗಳ ಪಠ್ಯಗಳನ್ನು ಮೂರ್ 1891ರಲ್ಲೇ ಅಚ್ಚಿಗೆ ತಂದಿದ್ದರು. ಹಸ್ತಪ್ರತಿಗಳಲ್ಲಿ ಮಾತುಂಟು, ಮಟ್ಟಿನ ಸ್ವರಲಿಪಿಯಿಲ್ಲ. ಹೀಗೆ ಒಂದೇ ಪರಂಪರೆಯ ಎರಡು ಭಾಗಗಳು ಬೇರೆ ಬೇರೆ ಕಪಾಟುಗಳನ್ನು ಸೇರಿದವು.

ಗಿಲ್ ಅವರ ಕೃತಿ ಈ ಅಗಲಿಕೆಯನ್ನು ಸರಿಪಡಿಸಲಿಲ್ಲ, ಮುಚ್ಚಿತು. ಗೇಲಿಕ್ ಮಟ್ಟುಗಳಿಗೆ ಇಂಗ್ಲಿಷ್ ಸಾಹಿತ್ಯ, ಪಿಯಾನೊ ಪಕ್ಕವಾದ್ಯ. ಒಟ್ಟಿನಲ್ಲಿ ಅದು ದಿವಾನಖಾನೆಯ ಸಂಗೀತ. ಮ್ಯಾಂಕ್ಸ್ ಮಟ್ಟುಗಳಲ್ಲಿ ಅನೇಕವು ಡೋರಿಯನ್ ಕ್ರಮದವು, ಅಂದರೆ ನಮ್ಮ ಖರಹರಪ್ರಿಯ ಮೇಳದ ಸ್ವರಶ್ರೇಣಿಯವು. ಹೆಣ್ಣಿಗೆ ಮೊದಲ ಬಾರಿ ವರದಕ್ಷಿಣೆ ಕೊಟ್ಟವನೆಂದು ಜಿಪುಣನೊಬ್ಬನನ್ನು ಶಪಿಸುವ 'ಮೈಲೆಖರೇನ್' ಎಂಬ ಹಾಡಿನ ಪರಂಪರೆಯಿಂದ ಗಿಲ್ ದ್ವೀಪದ ರಾಷ್ಟ್ರಗೀತೆಯ ಮಟ್ಟನ್ನು ರೂಪಿಸಿದರು. 1907ರಲ್ಲಿ ಮೊದಲು ಹಾಡಲಾದ ಆ ಗೀತೆಯಲ್ಲಿ ಶಾಪದ ಕಹಿಯಿಲ್ಲ, ಸಭಾಮರ್ಯಾದೆಯ ಗಾಂಭೀರ್ಯವಿದೆ. ಗಿಲ್ ಅವರನ್ನು ಇದಕ್ಕಾಗಿ ಹಳಿಯುವುದು ಸುಲಭ. ಆದರೆ ಅವರ ಶೀರ್ಷಿಕೆಪುಟವೇ 'ಇಂಗ್ಲಿಷ್ ಸಾಹಿತ್ಯದೊಡನೆ' ಎಂದು ಸಾರಿತ್ತು. ಅದನ್ನು ಮೂಲವೆಂದು ಭಾವಿಸಿದ್ದು ನಂತರದ ಓದುಗರ ತಪ್ಪು.

ಕ್ಲೇಗ್ ಸಂಗ್ರಹದ ನಿಜವಾದ ಪ್ರಕಟಣೆಗೆ 1924–26ರವರೆಗೆ ಕಾಯಬೇಕಾಯಿತು. ಆ್ಯನ್ ಗಿಲ್‌ಕ್ರಿಸ್ಟ್ ಜಾನಪದಗೀತ ಸಂಘದ ಪತ್ರಿಕೆಯಲ್ಲಿ ಅದನ್ನು ಸಂಪಾದಿಸಿದಾಗ ಮಟ್ಟುಗಳು ಪಿಯಾನೊದಿಂದ ಬಿಡುಗಡೆ ಪಡೆದವು. ಐರಿಷ್, ಸ್ಕಾಟಿಷ್, ಇಂಗ್ಲಿಷ್ ರೂಪಾಂತರಗಳೊಡನೆ ಹೋಲಿಕೆಯೂ ಸಾಧ್ಯವಾಯಿತು. ಈ ಹೋಲಿಕೆ 'ಶುದ್ಧ ಮ್ಯಾಂಕ್ಸ್' ಎಂಬ ಕಲ್ಪನೆಯನ್ನು ಅಲುಗಿಸುತ್ತದೆ. ಮೀನುಗಾರರ ದೋಣಿಗಳು ಓಡಾಡಿದ ಕಡಲಿನಲ್ಲಿ ಮಟ್ಟುಗಳೂ ಓಡಾಡಿದವು. ದ್ವೀಪದ ಮುದ್ರೆಯನ್ನು ಹುಡುಕಬೇಕಾದದ್ದು ಸ್ವರಗಳಲ್ಲಿ ಮಾತ್ರವಲ್ಲ, ಕಳೆದುಹೋದ ಮಾತಿನ ಲಯದಲ್ಲಿ.

ಕೊನೆಯ ಮಾತೃಭಾಷಿಕರೆನ್ನಲಾದ ನೆಡ್ ಮ್ಯಾಡ್ರೆಲ್ 1974ರಲ್ಲಿ ತೀರಿಕೊಂಡರು. 2001ರಲ್ಲಿ ಗೇಲಿಕ್ ಮಾಧ್ಯಮದ ಪ್ರಾಥಮಿಕ ಶಾಲೆ ಆರಂಭವಾಯಿತು. ನುಡಿಯನ್ನು ಕಲಿತು ಪಡೆದ ಈ ತಲೆಮಾರು ಕಾರ್ವಲ್ ಪಠ್ಯವನ್ನು ಕ್ಲೇಗ್ ಅವರ ಮಟ್ಟಿಗೆ ಹೊಂದಿಸಿದರೆ ಅದು ಪುನಾರಚನೆಯೇ ಹೊರತು ಉಳಿದುಬಂದ ಹಾಡಲ್ಲ. ಯಾವ ಭಾಗ ಎಲ್ಲಿಂದ ಬಂತೆಂಬುದನ್ನು ಪ್ರತಿ ಹಾಡಿನ ಜೊತೆಗೇ ಅಚ್ಚು ಮಾಡಬೇಕು.