ಹರಳೆಣ್ಣೆ: ಮೆಚ್ಚುವುದೆಷ್ಟು, ಬಿಡುವುದೆಷ್ಟು

ಕಡೂರಿನ ಬಯಲಲ್ಲಿ ರಾಗಿ ಹೊಲದ ಅಕ್ಕಡಿ ಸಾಲಿಗೆ ಹರಳು ಹಾಕುತ್ತಿದ್ದವರಿಗೆ ಅದು ಪರದೇಶದ ಗಿಡ ಎಂದರೆ ನಗು ಬಂದೀತು. ಅದರ ತವರು ಇಥಿಯೋಪಿಯಾದ ಆಸುಪಾಸಿನ ಪೂರ್ವ ಆಫ್ರಿಕಾ. ಕ್ರಿ.ಪೂ. 1550ರ ಸುಮಾರಿನ ಈಜಿಪ್ಟಿನ ಏಬರ್ಸ್ ಪಪೈರಸ್‌ನಲ್ಲಿ ಅದು ಭೇದಿಯ ಮದ್ದು. ಚರಕಸಂಹಿತೆಯಲ್ಲಿ ಅದರ ಬೇರು ವಾತಹರಗಳಲ್ಲಿ ಅಗ್ರಗಣ್ಯ. ಹಳೆಯದೆಂದು ಎಲ್ಲ ಬಳಕೆಯನ್ನೂ ಒಟ್ಟಿಗೆ ಹೊಗಳುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ.

ಮೆಚ್ಚಬೇಕಾದ್ದು ಎಣ್ಣೆ ತೆಗೆಯುವ ಕ್ರಮವನ್ನು. ಹರಳನ್ನು ಹುರಿದು, ಒರಳಲ್ಲಿ ಕುಟ್ಟಿ, ನೀರು ಬೆರೆಸಿ ಬಹಳ ಹೊತ್ತು ಕುದಿಸಿ, ಮೇಲೆ ತೇಲಿದ್ದನ್ನು ಮಾತ್ರ ತೆಗೆಯುತ್ತಿದ್ದರು. ಬೀಜದಲ್ಲಿರುವ ರಿಸಿನ್ ಘೋರ ವಿಷ. ಆದರೆ ಅದು ಎಣ್ಣೆಗೆ ಇಳಿಯದು, ಕುದಿಸಿದರೆ ಕೆಡುತ್ತದೆ. ಕಡಲೆಕಾಯಿ ಹಿಂಡಿ ಕೊಟ್ಟಿಗೆಗೆ, ಹರಳು ಹಿಂಡಿ ತೋಟದ ಬುಡಕ್ಕೆ ಎಂಬ ರೈತರ ವಿಂಗಡಣೆಯೂ ಇದೇ ತಿಳಿವಳಿಕೆಯದು. ಅಮೃತಮಹಲ್ ದನಗಳ ಅಜ್ಜಂಪುರ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ.

ಭೇದಿಯ ಗುಣವೂ ನಿಜವೇ. ಎಣ್ಣೆಯ ರಿಸಿನೋಲಿಕ್ ಆಮ್ಲ ಕರುಳಿನ ಇಪಿ3 ಎಂಬ ಗ್ರಾಹಕವನ್ನು ಕೆರಳಿಸುತ್ತದೆಂದು 2012ರಲ್ಲಿ ಜರ್ಮನಿಯ ವಿಜ್ಞಾನಿಗಳು ತೋರಿಸಿದರು. ಅದೇ ಗ್ರಾಹಕ ಗರ್ಭಕೋಶದಲ್ಲೂ ಇದೆ. ಬಸುರಿಗೆ ಮನೆಯವರೇ ಕುಡಿಸುವುದು ಅಪಾಯ. ಎಲೆ ಬಾಡಿಸಿ ಮಂಡಿಗೆ ಕಟ್ಟುವುದಕ್ಕೆ ನನ್ನ ತಕರಾರಿಲ್ಲ. ಹಿತ ಎಲೆಯದೋ ಬಿಸಿಯದೋ, ಕೇಡಂತೂ ಇಲ್ಲ.

ಕಾಮಾಲೆಗೆ ಹರಳೆಲೆ ರಸ ಕುಡಿಸುವ ವಿಷಯ ಬೇರೆ. ನೀರಿನಿಂದ ಹರಡುವ ಕಾಮಾಲೆ ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ, ಕೀರ್ತಿ ಸೊಪ್ಪಿಗೆ ಸಲ್ಲುತ್ತದೆ. ಪಿತ್ತನಾಳ ಕಟ್ಟಿಕೊಂಡವರು ಅದೇ ರಸ ನಂಬಿ ಕೂತರೆ ಕಳೆದುಹೋಗುವ ದಿನಗಳಿಗೆ ಯಾರು ಹೊಣೆ? ಹಸುಗೂಸಿನ ಮೂಗಿಗೆ ಎಣ್ಣೆ ಬಿಡುವುದಂತೂ ಇಂದೇ ನಿಲ್ಲಬೇಕು. ಅದು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ತರುತ್ತದೆ. ನೆತ್ತಿಗೆ, ಅಂಗಾಲಿಗೆ ಧಾರಾಳವಾಗಿ ಹಚ್ಚಲಿ.

ಈಗ ತೆಂಗು, ಅಡಿಕೆ ತೋಟಗಳು ಹಬ್ಬಿವೆ. ಮನೆಯಲ್ಲಿ ಹರಳು ಕುದಿಸುವವರು ಅಪರೂಪ. ಕುಡಿಸುವ ವಾಡಿಕೆ ಮಾತ್ರ ಉಳಿದಿದೆ. ಅಂಗಡಿಯಲ್ಲಿ ದೀಪದೆಣ್ಣೆ, ತಲೆಗೆ ಹಚ್ಚುವ ಎಣ್ಣೆ, ಔಷಧಿಯ ಎಣ್ಣೆ ಎಲ್ಲವೂ ಹರಳೆಣ್ಣೆ ಎಂಬ ಒಂದೇ ಹೆಸರಲ್ಲಿ ಸಿಗುತ್ತವೆ. ಕುಡಿಸುವ ಮುನ್ನ ಸೀಸೆಯ ಚೀಟಿ ಓದುವವರು ಎಷ್ಟು ಮಂದಿ?