ಎಎಂ ಕಂಡುಹಿಡಿದಿದ್ದೆಷ್ಟು, ಲಿಸ್ಪ್ ಕೊಟ್ಟಿದ್ದೆಷ್ಟು?

ಕೃತಕ ಬುದ್ಧಿಮತ್ತೆಯ ಚರಿತ್ರೆ ಬರೆಯುವವರು ಒಂದು ಕತೆಯನ್ನು ತುಂಬಾ ಇಷ್ಟಪಟ್ಟು ಹೇಳ್ತಾರೆ. 1976ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಡಗ್ಲಸ್ ಲೆನಾಟ್ ತಮ್ಮ ಪಿಎಚ್‌ಡಿಗಾಗಿ ಎಎಂ ಅನ್ನೋ ಪ್ರೋಗ್ರಾಮ್ ಬರೆದರು. ಅದಕ್ಕೆ ಸಂಖ್ಯೆ ಅಂದ್ರೇನು ಅಂತ ಹೇಳಿಕೊಟ್ಟಿರಲಿಲ್ಲ. ಗಣ, ಪಟ್ಟಿ, ಸಮವಾಗಿರುವುದು ಇಂಥ 115 ಮೂಲ ಪರಿಕಲ್ಪನೆಗಳು, ಅವನ್ನು ಎಲ್ಲೆಲ್ಲಿ ತಿರುಚಿ ನೋಡಬೇಕು ಅಂತ ಹೇಳುವ ಸುಮಾರು 250 ಅಂದಾಜಿನ ಸೂತ್ರಗಳು, ಇಷ್ಟೇ ಬಂಡವಾಳ. ಅಷ್ಟರಿಂದಲೇ ಅದು ಸಂಖ್ಯೆ, ಕೂಡೋದು, ಗುಣಿಸೋದು, ಅವಿಭಾಜ್ಯ ಸಂಖ್ಯೆ ದಾಟಿ ಗೋಲ್ಡ್‌ಬಾಕ್ ಊಹೆಯ ತನಕ ಬಂತು. ಅತಿ ಹೆಚ್ಚು ಅಪವರ್ತನಗಳಿರುವ ಸಂಖ್ಯೆಗಳ ಕಡೆಗೂ ಕೈ ಚಾಚಿತು. ನಮ್ಮ ರಾಮಾನುಜನ್ 1915ರಲ್ಲಿ ಉದ್ದದ ಪ್ರಬಂಧ ಬರೆದದ್ದು ಇವುಗಳ ಮೇಲೆಯೇ. ಕತೆ ಇಲ್ಲಿಗೆ ನಿಲ್ಲಿಸಿದರೆ ಯಾರಿಗಾದರೂ ರೋಮಾಂಚನ ಆಗುತ್ತೆ.

ನನಗೆ ತಕರಾರಿರೋದು ಹೀಗೆ ನಿಲ್ಲಿಸೋದರ ಬಗ್ಗೆ.

ಎಎಂ ಸಂಖ್ಯೆಯನ್ನು ಹೇಗೆ ಕಂಡುಹಿಡಿಯಿತು ಅಂತ ಸ್ವಲ್ಪ ಬಿಡಿಸಿ ನೋಡೋಣ. ಎರಡು ಪಟ್ಟಿ ಒಂದೇನಾ ಅಂತ ನೋಡೋಕೆ ಲಿಸ್ಪ್ ಭಾಷೆಯಲ್ಲಿ ಒಂದು ಪುಟ್ಟ ಕೋಡ್ ಇರುತ್ತೆ. ಎರಡರ ಮೊದಲ ಐಟಂ ತೆಗೆದು ಹೋಲಿಸು, ಒಂದೇ ಆಗಿದ್ದರೆ ಉಳಿದ ಬಾಲವನ್ನು ಇದೇ ಥರ ಹೋಲಿಸು, ಎರಡೂ ಒಟ್ಟಿಗೆ ಖಾಲಿಯಾದರೆ ಒಂದೇ. ಎಎಂ ಈ ಕೋಡಿನಿಂದ ಒಂದು ತುಂಡು ಕಿತ್ತು ಹಾಕಿತು: ಮೊದಲ ಐಟಂ ಹೋಲಿಸುವ ತುಂಡು. ಈಗ ಉಳಿದಿದ್ದೇನು? ಎರಡೂ ಪಟ್ಟಿ ಒಟ್ಟಿಗೆ ಖಾಲಿಯಾಗುತ್ತವಾ ಅನ್ನೋ ಪ್ರಶ್ನೆ ಮಾತ್ರ. ಅಂದ್ರೆ ಎರಡರಲ್ಲೂ ಅಷ್ಟಷ್ಟೇ ಐಟಂ ಇದ್ದಾವಾ? ಅದೇ ಎಣಿಕೆ! ಒಂದು ತುಂಡು ಕಿತ್ತಿದ್ದಕ್ಕೆ ಸಂಖ್ಯೆ ಅನ್ನೋದು ಹೊರಗೆ ಬಿತ್ತು.

ಚೆಂದ ಇದೆ, ಒಪ್ಪುತ್ತೇನೆ. ಆದರೆ ಎಣಿಕೆ ಆ ಕೋಡಿನ ಒಳಗೇ ಕೂತಿತ್ತಲ್ಲ. ಅದೇ ಹೋಲಿಕೆಯನ್ನು ಜಾವಾದಲ್ಲೋ ಸಿ ಭಾಷೆಯಲ್ಲೋ ಬರೆದು ಕೈಗೆ ಸಿಕ್ಕ ಸಾಲು ಅಳಿಸಿ ನೋಡಿ, ಬಹುತೇಕ ಸಲ ಸಿಗೋದು ಎರರ್ ಮೆಸೇಜ್. ಲಿಸ್ಪ್‌ನಲ್ಲಿ ಕೋಡ್ ಕೂಡ ಪಟ್ಟಿ, ಡೇಟಾ ಕೂಡ ಪಟ್ಟಿ. ಆ ಬರವಣಿಗೆ ಗಣಿತಕ್ಕೆ ಅಷ್ಟು ಹತ್ತಿರ ಇದ್ದದ್ದರಿಂದ ಕುರುಡಾಗಿ ತಿರುಚಿದರೂ ಅರ್ಥ ಇರೋದೇ ಸಿಗ್ತಿತ್ತು.

ಜ್ಞಾನವನ್ನು ಬರೆದಿಡೋ ರೀತಿಯೇ ಅರ್ಧ ಕೆಲಸ ಮಾಡಿಬಿಡುತ್ತೆ ಅನ್ನೋದು ಹಳ್ಳಿಯಲ್ಲಿ ಬೆಳೆದವರಿಗೆ ಹೊಸದಲ್ಲ. ನಮ್ಮೂರ ಹಿರಿಯರು ನಯಾಪೈಸೆ ಬಂದು ಎಷ್ಟೋ ಕಾಲ ಆದ ಮೇಲೂ ಆಣೆ ಲೆಕ್ಕದಲ್ಲೇ ಮಾತಾಡೋರು. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಒಂದು ರೂಪಾಯಿಯನ್ನು ಮೂವರಿಗೆ ಹಂಚಿ ಅಂದ್ರೆ ತಲಾ ಐದಾಣೆ ನಾಲ್ಕು ಪೈ, ಕರಾರುವಾಕ್ಕು. ನಯಾಪೈಸೆಯಲ್ಲಾದರೆ ತಲಾ 33 ಹಂಚಿ ಒಂದು ಪೈಸೆ ಜಗಳಕ್ಕೆ ಉಳಿಯುತ್ತೆ. ಐವರು ಬಂದರೆ ಕತೆ ಉಲ್ಟಾ: ನಯಾಪೈಸೆಯಲ್ಲಿ ತಲಾ 20, ಆಣೆ-ಪೈ ಲೆಕ್ಕ ಸರಿಹೊಂದೋದೇ ಇಲ್ಲ. ಹಂಚೋ ಮನುಷ್ಯನ ಬುದ್ಧಿ ಏನೂ ಬದಲಾಗಲಿಲ್ಲ.

ಎಎಂನ ಇನ್ನೊಂದು ತೊಂದರೆ: ಯಾವ ಪರಿಕಲ್ಪನೆ ಸ್ವಾರಸ್ಯದ್ದು ಅನ್ನೋದಕ್ಕೆ ಅಂಕ ಹಾಕುವ ಸೂತ್ರಗಳನ್ನು ಬರೆದವರೂ ಲೆನಾಟ್ ಅವರೇ. ಸಿಕ್ಕಿದ್ದಕ್ಕೆ 'ಅವಿಭಾಜ್ಯ' ಅಂತ ಹೆಸರಿಡೋಕೂ ಪಕ್ಕದಲ್ಲಿ ಒಬ್ಬ ಗಣಿತ ಬಲ್ಲ ಮನುಷ್ಯ ಕೂತಿರಬೇಕು. ಮತ್ತೆ ಅದು ಏನನ್ನೂ ಸಾಧಿಸಿ ತೋರಿಸಲ್ಲ, ಗೋಲ್ಡ್‌ಬಾಕ್ ಊಹೆಯನ್ನು ಊಹಿಸಿತು, ಅಷ್ಟೇ. 1984ರಲ್ಲಿ ರಿಚಿ ಮತ್ತು ಹ್ಯಾನಾ ಅನ್ನೋ ಇಬ್ಬರು ಸಂಶೋಧಕರು, ಎಎಂ ಬಗ್ಗೆ ಬರೆದಿರೋದಕ್ಕೂ ಪ್ರೋಗ್ರಾಮ್ ಮಾಡಿರಬಹುದಾದ ಕೆಲಸಕ್ಕೂ ತಾಳೆ ಆಗ್ತಿಲ್ಲ ಅಂತ ನೇರವಾಗಿ ಪ್ರಶ್ನೆ ಎತ್ತಿದರು.

ಲೆನಾಟ್ ಮೇಲೆ ನನಗೆ ಗೌರವ ಬರೋದು ಇಲ್ಲೇ. ಅದೇ ವರ್ಷ ಅವರು ಜಾನ್ ಸೀಲಿ ಬ್ರೌನ್ ಜೊತೆ ಒಂದು ಪ್ರಬಂಧ ಬರೆದರು. ಎಎಂ ಮತ್ತು ಅದರ ತಮ್ಮ ಯೂರಿಸ್ಕೋ 'ಕೆಲಸ ಮಾಡುವಂತೆ ಕಾಣೋದು' ಯಾಕೆ ಅನ್ನೋದೇ ಅದರ ವಿಷಯ. ಲಿಸ್ಪ್ ಮತ್ತು ಗಣಿತದ ಈ ನಂಟನ್ನು ಬಿಚ್ಚಿಟ್ಟವರು ಅವರೇ, ಪಟ್ಟಿಯ ಉದಾಹರಣೆ ಕೂಡ ಅವರದ್ದೇ. ನನ್ನ ಕೇಳಿದರೆ ಎಎಂಗಿಂತ ಈ ಪ್ರಬಂಧವೇ ದೊಡ್ಡ ಕೆಲಸ. ನಮ್ಮ ಕ್ಷೇತ್ರದಲ್ಲಿ ತಾನೇ ಕೊಟ್ಟ ಡೆಮೊವನ್ನು ಹೀಗೆ ಕೆಡವಿ ತೋರಿಸೋರು ಎಷ್ಟು ಜನ?

ಇದು ಹಳೇ ಪುರಾಣ ಅಂದ್ಕೋಬೇಡಿ. 2024ರ ಜುಲೈನಲ್ಲಿ ಗೂಗಲ್ ಡೀಪ್‌ಮೈಂಡ್‌ನ ಆಲ್ಫಾಪ್ರೂಫ್ ಮತ್ತು ಆಲ್ಫಾಜಿಯೊಮೆಟ್ರಿ ಸೇರಿ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನ ಆರರಲ್ಲಿ ನಾಲ್ಕು ಲೆಕ್ಕ ಬಿಡಿಸಿ, 42ಕ್ಕೆ 28 ಅಂಕ ತಗೊಂಡು ಬೆಳ್ಳಿ ಮಟ್ಟ ಮುಟ್ಟಿದವು. ತಲೆಬರಹಗಳಲ್ಲಿ ಬೆಳ್ಳಿ ಇತ್ತು. ಲೆಕ್ಕಗಳನ್ನು ಮೊದಲು ಮನುಷ್ಯರೇ ಕೈಯಾರೆ ಲೀನ್‌ನಂಥ ಔಪಚಾರಿಕ ಭಾಷೆಗೆ ಬರೆದುಕೊಟ್ಟಿದ್ದರು ಅನ್ನೋದು ಕೆಳಗಿನ ಸಾಲುಗಳಲ್ಲಿತ್ತು. ಡೀಪ್‌ಮೈಂಡ್ ಇದನ್ನು ಮುಚ್ಚಿಡಲಿಲ್ಲ, ಓದುವವರು ಆ ಸಾಲನ್ನು ದಾಟಿಕೊಂಡು ಹೋದರು. ಆದರೂ ಲೀನ್‌ನಲ್ಲಿ ಒಂದು ಸೌಕರ್ಯ ಇದೆ. ಸಾಧನೆಯ ಪ್ರತಿ ಹೆಜ್ಜೆಯನ್ನೂ ಇನ್ನೊಂದು ಪ್ರೋಗ್ರಾಮ್ ಕೂತು ಪರೀಕ್ಷೆ ಮಾಡುತ್ತೆ.

ಮರುವರ್ಷ ಆ ಅನುವಾದವೂ ಬೇಕಾಗಲಿಲ್ಲ. 2025ರಲ್ಲಿ ಅದೇ ಸಂಸ್ಥೆಯ ಜೆಮಿನೈ ಡೀಪ್ ಥಿಂಕ್ ಲೆಕ್ಕವನ್ನು ಇಂಗ್ಲಿಷಿನಲ್ಲೇ ಓದಿ, ಇಂಗ್ಲಿಷಿನಲ್ಲೇ ಉತ್ತರ ಬರೆದು, ಆರರಲ್ಲಿ ಐದಕ್ಕೆ ಪೂರ್ತಿ ಅಂಕ ತಗೊಂಡು ಚಿನ್ನದ ಮಟ್ಟ ತಲುಪಿತು. ದೊಡ್ಡ ಸಾಧನೆ, ಅನುಮಾನ ಬೇಡ. ಆದರೆ ಇಲ್ಲಿ ಗಣಿತ ಎಲ್ಲಿ, ಯಾವ ರೂಪದಲ್ಲಿ ಬರೆದಿದೆ? ಕೋಟಿಗಟ್ಟಲೆ ಅಂಕಿಗಳಲ್ಲಿ ಹರಡಿಕೊಂಡಿದೆ. ಲೆನಾಟ್ ತಮ್ಮ ಕೋಡಿನ ಮೇಲೆ ಬೆರಳಿಟ್ಟು, ಈ ತುಂಡು ಕಿತ್ತದ್ದರಿಂದ ಸಂಖ್ಯೆ ಬಂತು ಅಂತ ತೋರಿಸೋಕೆ ಆಗಿತ್ತು. ಡೀಪ್ ಥಿಂಕ್‌ಗೆ ಆರನೆಯ ಲೆಕ್ಕ ಯಾಕೆ ಬರಲಿಲ್ಲ ಅಂತ ಕೇಳಿದರೆ, ಬೆರಳಿಡೋಕೆ ಅಂಥ ಒಂದು ಸಾಲೂ ಇಲ್ಲ.