ಹಲ್ಲು ನಡೆಯುವ ದಾರಿ

ಮಗಳ ಹಲ್ಲಿನ ಕ್ಲಿಪ್ಪಿಗೆ ಹೊಸ ತಂತಿ ಕಟ್ಟಿಸಿಕೊಂಡು ಬಂದ ಮರುದಿನ ಅವಳಿಗೆ ದೋಸೆಯ ಅಂಚನ್ನೂ ಕಚ್ಚಲಾಗಲಿಲ್ಲ. ಮೊಸರನ್ನ ಕಲಸಿ ಕೊಟ್ಟೆ. ಆ ನೋವನ್ನು ಬರೀ ಕಾಟವೆಂದುಕೊಂಡಿದ್ದ ನನಗೆ, ಒಳಗೆ ನಡೆಯುವುದನ್ನು ತಿಳಿದ ಮೇಲೆ ಅದರ ಬಗ್ಗೆ ಗೌರವವೇ ಹುಟ್ಟಿದೆ.

ತಂತಿಯ ಕೆಲಸ ಒತ್ತುವುದಷ್ಟೆ. ಹಲ್ಲಿಗೆ ಜಾಗ ಬಿಡಿಸಿಕೊಡುವುದು ದೇಹವೇ. ಬೇರಿಗೂ ದವಡೆಯ ಮೂಳೆಗೂ ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ನಾರಿನ ಪದರವಿದೆ. ಅದರ ತುಂಬ ರಕ್ತನಾಳ, ನರದ ತುದಿಗಳು. ಒತ್ತಡ ಬಿದ್ದರೆ ಈ ನರಗಳು ಮಿದುಳಿಗೆ ದೂರು ಕೊಟ್ಟು ಸುಮ್ಮನಾಗುವುದಿಲ್ಲ. ಸ್ಥಳದಲ್ಲೇ ಸಬ್‌ಸ್ಟೆನ್ಸ್ ಪಿ, ಸಿಜಿಆರ್‌ಪಿ ಎಂಬ ಪೆಪ್ಟೈಡುಗಳನ್ನು ಸುರಿಸುತ್ತವೆ. ರಕ್ತನಾಳ ಹಿಗ್ಗುತ್ತದೆ, ರಕ್ಷಣಾ ಕೋಶಗಳು ಬಂದು ಸೇರುತ್ತವೆ, ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಏರುತ್ತದೆ. ಸೋಂಕಿಲ್ಲದ ಉರಿಯೂತ ಇದು. ಒತ್ತಿದ ಕಡೆ ಆಸ್ಟಿಯೋಕ್ಲಾಸ್ಟ್ ಕೋಶಗಳು ಮೂಳೆ ಕರಗಿಸುತ್ತವೆ, ಎಳೆತದ ಕಡೆ ಆಸ್ಟಿಯೋಬ್ಲಾಸ್ಟ್‌ಗಳು ಹೊಸ ಮೂಳೆ ಕಟ್ಟುತ್ತವೆ. ಸ್ವೀಡನ್ನಿನ ಕಾರ್ಲ್ ಸ್ಯಾಂಡ್‌ಸ್ಟೆಡ್ 1904ರಷ್ಟು ಹಿಂದೆಯೇ ನಾಯಿಯ ಹಲ್ಲಿನಲ್ಲಿ ಈ ಕರಗುವ, ಕಟ್ಟುವ ಆಟವನ್ನು ತೋರಿಸಿದ್ದರು.

ನಾನು ತುಂಬ ಮೆಚ್ಚುವುದು ಇದರ ಹದವನ್ನು. ಒತ್ತಡ ಅತಿಯಾದರೆ ರಕ್ತ ನಿಂತು ಪದರದ ಆ ಭಾಗ ಸಾಯುತ್ತದೆ, ಹಲ್ಲು ಅಲ್ಲೇ ತಡೆದು ನಿಲ್ಲುತ್ತದೆ. ಹಗುರ ಕೈಯೇ ಬೇಕು. ಆಗ ಹಲ್ಲು ತಿಂಗಳಿಗೆ ಸುಮಾರು 1 ಮಿಲಿಮೀಟರ್ ಸರಿಯುತ್ತದೆ. ನೋವಿನ ಮಾತ್ರೆ ಐಬುಪ್ರೊಫೆನ್ ಪ್ರೊಸ್ಟಾಗ್ಲಾಂಡಿನ್ನನ್ನು ತಡೆಯುವುದರಿಂದ ಹಲ್ಲಿನ ನಡಿಗೆಯೂ ನಿಧಾನವಾದೀತೆಂದು ಹಲವು ವೈದ್ಯರು ಅದರ ಬದಲು ಪ್ಯಾರಾಸಿಟಮಾಲ್ ಬರೆದುಕೊಡುತ್ತಾರೆ.

ಐದನೆಯ ದಿನ ಬೆಳಿಗ್ಗೆ ಮಗಳು ತಾನಾಗಿಯೇ ದೋಸೆ ಕೇಳಿದಳು.